ಡಿಸ್ಕ್ ಕೊಳ್ಳುವುದೋ, ಸ್ಟ್ರೀಮಿಂಗೋ?

ಸಂಡೂರಿನ ಅದಿರು ಲಾರಿಗಳ ಕೆಂಧೂಳು ಕಂಡು ಬೆಳೆದ ಬಳ್ಳಾರಿಯವರಿಗೆ, ನೀರನ್ನೆಲ್ಲ ಒಬ್ಬನೇ ಹಿಡಿದಿಟ್ಟುಕೊಂಡ ಮರುಭೂಮಿಯ ಕಥೆ ಹೇಳುವ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದ ಲೋಕ ದೂರದ್ದೆನಿಸುವುದಿಲ್ಲ, ಅದು ಇಂದಿಗೂ ಹಳತಾಗದಿರಲು ಇದೇ ಕಾರಣವೆಂದು ನಾನು ನಂಬಿದ್ದೇನೆ. ಒಮ್ಮೆ ನೋಡಿ ಬಿಡುವವರಿಗೆ ಸ್ಟ್ರೀಮಿಂಗ್ ಸಾಕು, ಅಗ್ಗವೂ ಹೌದು. ಆದರೆ ಹಕ್ಕಿನ ಅವಧಿ ಮುಗಿದರೆ ಚಿತ್ರ ಅಲ್ಲಿಂದ ಮಾಯವಾಗುತ್ತದೆ. ಅಲ್ಲದೆ 4ಕೆ (ಅತಿ ಸ್ಪಷ್ಟ ಚಿತ್ರದ) ಪ್ರಸಾರದ ದತ್ತಾಂಶ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ನಷ್ಟೇ ಇರುವುದರಿಂದ, ಬಿರುಗಾಳಿಯ ದೃಶ್ಯದಲ್ಲಿ ಧೂಳಿನ ಕಣಗಳು ಕಲಸಿದಂತೆ ಮಸುಕಾಗಬಹುದು. 4ಕೆ ಡಿಸ್ಕ್ 100 ಮೆಗಾಬಿಟ್‌ಗೂ ಮಿಗಿಲಾಗಿ ಒದಗಿಸಬಲ್ಲದಾದ್ದರಿಂದ ಅಲ್ಲಿ ಕಣಕಣವೂ ಬಿಡಿಯಾಗಿ ಕಾಣುತ್ತದೆ. ಮತ್ತೆ ಮತ್ತೆ ನೋಡುವವರು ಡಿಸ್ಕನ್ನೇ ಕೊಳ್ಳಲಿ. 4ಕೆಗಿಂತ ಹಳೆಯದಾದ ಸಾಮಾನ್ಯ ಬ್ಲೂ-ರೇ ಡಿಸ್ಕಿಗೆ ವಲಯದ ಕಟ್ಟುಪಾಡು ಇರಬಹುದು, ಅಂದರೆ ಬೇರೆ ವಲಯದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದಿರಬಹುದು (ಭಾರತದ್ದು ‘ಸಿ’ ವಲಯ). 4ಕೆ ಡಿಸ್ಕಿಗೆ ಅದಿಲ್ಲ. ನಮ್ಮೂರಿನ ಧೂಳು ಕೂತರೆ, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಬೇಕು.