ಪವರ್‌ಪಾಯಿಂಟ್‌ನ ಸ್ಲೈಡ್ ಮಾಸ್ಟರ್: ಏಳು ವರ್ಷ ಬಳಸಿದ ಮೇಲೆ

ರೈತರ ತರಬೇತಿಗೆ ಸ್ಲೈಡ್ ಮಾಡಿಕೊಡುವುದು ನನ್ನ ಕೆಲಸದ ಒಂದು ಭಾಗ. ತಿಂಗಳಿಗೆ ನಾಲ್ಕೈದು ಪ್ರೆಸೆಂಟೇಶನ್, ಹೆಚ್ಚಿನವು ಕನ್ನಡದಲ್ಲೇ. ಪವರ್‌ಪಾಯಿಂಟ್ ಕಾಲೇಜಿನ ಕಾಲದಿಂದಲೂ ಗೊತ್ತು. ಆದರೆ ವ್ಯೂ ಟ್ಯಾಬ್‌ನಲ್ಲಿರುವ 'ಸ್ಲೈಡ್ ಮಾಸ್ಟರ್' ಬಟನ್ ಮೊದಲ ಸಲ ಒತ್ತಿದ್ದು 7 ವರ್ಷದ ಹಿಂದೆ, ಅದೂ ಬೇರೆ ದಾರಿ ಇಲ್ಲದೆ.

ಆಗ ನಮ್ಮ ಸಂಸ್ಥೆಯ ಲೋಗೋ ಬದಲಾಗಿತ್ತು. ಹಳೇ ಲೋಗೋ ಒಟ್ಟು 140 ಸ್ಲೈಡ್‌ಗಳಲ್ಲಿತ್ತು. ಎಲ್ಲವೂ ಕೈಯಾರೆ ಅಂಟಿಸಿದ್ದು, ಅಂಟಿಸಿದವಳು ನಾನೇ. ಪೇಜ್ ಡೌನ್ ಒತ್ತುತ್ತಾ ಹೋದರೆ ಮೂಲೆಯ ಲೋಗೋ ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ ಜರುಗಿ ಕುಣಿಯುತ್ತಿತ್ತು. ಒಂದು ರಾತ್ರಿ ಪೂರ್ತಿ ಕೂತು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಮೂರು ಸ್ಲೈಡ್‌ನಲ್ಲಿ ಹಳೇದೇ ಉಳಿದಿತ್ತು. ಅವತ್ತೇ ಮಾಸ್ಟರ್ ಕಲಿಯಲು ಕೂತೆ.

ಒಳಗೆ ಹೋದರೆ ಎಡಗಡೆ ಮೇಲೆ ಒಂದು ದೊಡ್ಡ ಸ್ಲೈಡ್, ಅದರ ಕೆಳಗೆ ಚಿಕ್ಕವುಗಳ ಸಾಲು. ದೊಡ್ಡದು ಮಾಸ್ಟರ್, ಚಿಕ್ಕವು ಲೇಔಟ್‌ಗಳು, ಅಂದರೆ ಶೀರ್ಷಿಕೆ, ಬರಹ, ಚಿತ್ರ ಎಲ್ಲೆಲ್ಲಿ ಬರಬೇಕು ಅನ್ನುವ ಮಾದರಿಗಳು. ಮೇಲಿನದರಲ್ಲಿ ಫಾಂಟ್, ಬಣ್ಣ, ಲೋಗೋ ಒಮ್ಮೆ ಇಟ್ಟರೆ ಕೆಳಗಿನ ಎಲ್ಲದಕ್ಕೂ ಇಳಿಯುತ್ತದೆ. ಪವರ್‌ಪಾಯಿಂಟ್ ಜೊತೆಗೆ ಸಾಮಾನ್ಯವಾಗಿ ಬರುವ 'ಆಫೀಸ್ ಥೀಮ್' ಎಂಬ ಸಿದ್ಧ ವಿನ್ಯಾಸದಲ್ಲಿ 11 ಲೇಔಟ್ ಇರುತ್ತವೆ. ನಾನು 5 ಇಟ್ಟುಕೊಂಡು ಉಳಿದದ್ದನ್ನು ಅಳಿಸಿದೆ. ಜಾಸ್ತಿ ಇದ್ದಷ್ಟೂ ಜನ ತಪ್ಪಾದದ್ದನ್ನೇ ಆರಿಸುತ್ತಾರೆ.

ಕನ್ನಡದಲ್ಲಿ ಸ್ಲೈಡ್ ಮಾಡುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಆ ಥೀಮ್‌ನಲ್ಲಿ ಸಾಲುಗಳ ನಡುವಿನ ಅಂತರ ಮೊದಲೇ 0.9ಕ್ಕೆ ಇಳಿಸಿರುತ್ತದೆ. ಇಂಗ್ಲಿಷ್‌ಗೆ ಅದು ಚೆಂದ. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು ಇದೆ, ಮೇಲೆ ಗುಡಿಸು ಇದೆ. 'ಸ್ವಾತಂತ್ರ್ಯ', 'ಲಕ್ಷ್ಮೀ' ತರಹದ ಪದ ಮೇಲಿನ ಸಾಲಿನಲ್ಲಿ ಬಂದರೆ ಅದರ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೇಗೋ ಓದಬಹುದಿತ್ತು. ಸಭಾಭವನದ ಹಳೇ ಪ್ರೊಜೆಕ್ಟರ್‌ನಲ್ಲಿ ಎರಡು ಸಾಲು ಕಲಸಿಕೊಂಡು ಕಾಣುತ್ತಿತ್ತು. ಹಿಂದಿನ ಸಾಲಲ್ಲಿ ಕೂತಿದ್ದ ಹಿರಿಯರೊಬ್ಬರು "ಅಮ್ಮಾ, ಅದನ್ನ ನೀವೇ ಓದಿ ಹೇಳ್ಬಿಡಿ" ಅಂದರು. ಈಗ ಮಾಸ್ಟರ್‌ನಲ್ಲೇ ಅಂತರ 1.1 ಇಟ್ಟಿದ್ದೇನೆ. ಒಂದೇ ಕಡೆ ಬದಲಿಸಿದ್ದು, ಎಲ್ಲ ಸ್ಲೈಡೂ ಸರಿಹೋಯಿತು. ಲೇಔಟ್‌ನಲ್ಲಿ ಬರುವ ಮಾದರಿ ವಾಕ್ಯದ ಜಾಗದಲ್ಲೂ ಒತ್ತಕ್ಷರ ತುಂಬಿದ ಕನ್ನಡ ವಾಕ್ಯವನ್ನೇ ಹಾಕಿದ್ದೇನೆ. ಅಂತರ ಸಾಲದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಅದೇ ಜಾಗದ ಇನ್ನೊಂದು ತಲೆನೋವು, ಅಕ್ಷರ ತಾನಾಗಿಯೇ ಚಿಕ್ಕದಾಗುವುದು. ಬರಹ ಜಾಸ್ತಿಯಾದರೆ ಪವರ್‌ಪಾಯಿಂಟ್ ಹೇಳದೇ ಕೇಳದೇ ಸೈಜ್ ಇಳಿಸುತ್ತದೆ. ಒಂದು ಸ್ಲೈಡ್‌ನಲ್ಲಿ 28, ಮುಂದಿನದರಲ್ಲಿ 20. ಮಾಸ್ಟರ್‌ನಲ್ಲಿ ಆಟೋಫಿಟ್ ತೆಗೆದುಬಿಟ್ಟೆ. ಈಗ ಬರಹ ಜಾಸ್ತಿಯಾದರೆ ಸ್ಲೈಡಿನಿಂದ ಆಚೆ ಹೋಗುತ್ತದೆ. ಹೋಗಲಿ. ಆಗ ತಾನೇ ನಾವು ಬರೆದದ್ದನ್ನು ಕಡಿಮೆ ಮಾಡುವುದು?

ಫಾಂಟ್ ವಿಷಯ ಪೂರ್ತಿ ಬಗೆಹರಿದಿಲ್ಲ. ನೋಟೋ ಸಾನ್ಸ್ ಕನ್ನಡದಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಕೂರುತ್ತದೆ, ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಸೇವ್ ಆಯ್ಕೆಗಳಲ್ಲಿ ಫಾಂಟನ್ನು ಫೈಲ್ ಒಳಗೇ ಸೇರಿಸಬಹುದು, ಆದರೆ ನೆನಪಿಟ್ಟು ಮಾಡಬೇಕು. ಹೊರಗಡೆ ಹೋಗುವಾಗ ನಾನು ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಬಳಸುತ್ತೇನೆ. ನೋಡಲು ಅಂಥಾ ಚೆಂದವಲ್ಲ, ಕೈ ಕೊಡುವುದಿಲ್ಲ ಅಷ್ಟೇ.

ಇನ್ನು ಜನರ ವಿಷಯ. ಮಾಸ್ಟರ್ ಎಷ್ಟೇ ಚೆನ್ನಾಗಿ ಮಾಡಿಟ್ಟರೂ ಬರೆಯುವವರು ಪ್ಲೇಸ್‌ಹೋಲ್ಡರ್ (ಲೇಔಟ್‌ನಲ್ಲಿ ಮೊದಲೇ ಇಟ್ಟಿರುವ ಡಬ್ಬ) ಒಳಗೆ ಬರೆಯದಿದ್ದರೆ ಸುಮ್ನೆ. ನಮ್ಮ ಸಹೋದ್ಯೋಗಿ ಒಬ್ಬರು ಶೀರ್ಷಿಕೆಯ ಡಬ್ಬ ಅಳಿಸಿ, ಪಕ್ಕದಲ್ಲಿ ಹೊಸ ಟೆಕ್ಸ್ಟ್ ಬಾಕ್ಸ್ ಎಳೆದು ಅದರಲ್ಲಿ ಬರೆಯುತ್ತಾರೆ. ಅದಕ್ಕೆ ಮಾಸ್ಟರ್‌ನ ಸಂಬಂಧವೇ ಇಲ್ಲ. ಬಣ್ಣ ಬದಲಿಸಿದರೆ ಅದೊಂದು ಹಳೇ ಬಣ್ಣದಲ್ಲೇ ಉಳಿಯುತ್ತದೆ. ಕಂಡುಹಿಡಿಯುವುದು ಸುಲಭ: ಔಟ್‌ಲೈನ್ ವ್ಯೂನಲ್ಲಿ ಪ್ಲೇಸ್‌ಹೋಲ್ಡರಿನ ಬರಹ ಮಾತ್ರ ಕಾಣುತ್ತದೆ, ಟೆಕ್ಸ್ಟ್ ಬಾಕ್ಸಿನದು ಕಾಣುವುದಿಲ್ಲ. ಅವರೇ ಒಮ್ಮೆ ಫೋನ್ ಮಾಡಿ "ಮೇಡಂ, ಈ ಲೋಗೋ ಸೆಲೆಕ್ಟೇ ಆಗ್ತಿಲ್ಲ, ಫೈಲ್ ಕೆಟ್ಟಿದೆ ಅನ್ಸುತ್ತೆ" ಅಂದಿದ್ದರು. ಆಗಬಾರದು ಅಂತಲೇ ಅಲ್ಲವಾ ಅದನ್ನು ಮಾಸ್ಟರ್‌ನಲ್ಲಿ ಇಟ್ಟಿದ್ದು!

ಜರುಗಿದ ಡಬ್ಬಗಳನ್ನು ಸರಿಮಾಡಲು ಹೋಮ್ ಟ್ಯಾಬ್‌ನ 'ರೀಸೆಟ್' ಸಾಕು, ಪ್ಲೇಸ್‌ಹೋಲ್ಡರ್ ತನ್ನ ಜಾಗಕ್ಕೆ ವಾಪಸ್. ಬೇರೆ ಫೈಲಿನಿಂದ ಸ್ಲೈಡ್ ತರುವಾಗ ಮಾತ್ರ ಹುಷಾರು. 'ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್' ಕೊಟ್ಟರೆ ಆ ಫೈಲಿನ ಮಾಸ್ಟರೂ ಜೊತೆಗೆ ಬಂದು ಸೇರಿಕೊಳ್ಳುತ್ತದೆ. ಒಂದು ಫೈಲ್ ಹೀಗೆ ಕೈಯಿಂದ ಕೈಗೆ ಹೋಗಿ ಬಂದಾಗ ಅದರಲ್ಲಿ 9 ಮಾಸ್ಟರ್ ಇದ್ದವು.

ನನಗೆ ನಿಜವಾಗಿ ಬೇಸರ ಇರುವುದು ಟೆಂಪ್ಲೇಟ್ ಫೈಲ್ ಬಗ್ಗೆ. ಮಾಡಿಟ್ಟ ಮಾಸ್ಟರನ್ನು ಪಿಒಟಿಎಕ್ಸ್ ಎಂಬ ಟೆಂಪ್ಲೇಟ್ ರೂಪದಲ್ಲಿ ಸೇವ್ ಮಾಡಿದರೆ, ಡಬಲ್ ಕ್ಲಿಕ್ ಮಾಡಿದಾಗೆಲ್ಲ ಹೊಸ ಖಾಲಿ ಫೈಲ್ ತೆರೆದುಕೊಳ್ಳುತ್ತದೆ, ಮೂಲ ಕೆಡುವುದಿಲ್ಲ. ಇದು ಒಳ್ಳೇದೇ. ಆದರೆ ಇವತ್ತು ಟೆಂಪ್ಲೇಟ್ ತಿದ್ದಿದರೆ ನಿನ್ನೆ ಅದರಿಂದ ಮಾಡಿದ ಪ್ರೆಸೆಂಟೇಶನ್ ಬದಲಾಗುವುದಿಲ್ಲ. ಒಂದೊಂದನ್ನೂ ತೆರೆದು, ಡಿಸೈನ್ ಟ್ಯಾಬ್‌ನಿಂದ ಥೀಮ್ ಮತ್ತೆ ಹಾಕಬೇಕು. ಇಷ್ಟು ವರ್ಷವಾದರೂ ಇದಕ್ಕೊಂದು ಸಲೀಸಾದ ದಾರಿ ಇಲ್ಲ.

ದುಡ್ಡು ಕೊಡಲು ಇಷ್ಟವಿಲ್ಲದವರಿಗೆ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ 'ಮಾಸ್ಟರ್ ಸ್ಲೈಡ್', ಗೂಗಲ್ ಸ್ಲೈಡ್ಸ್‌ನಲ್ಲಿ 'ಎಡಿಟ್ ಥೀಮ್' ಇದೆ. ಎರಡನ್ನೂ ಸ್ವಲ್ಪ ದಿನ ಬಳಸಿದೆ, ಕೆಲಸ ನಡೆಯುತ್ತದೆ. ಲೇಔಟ್ ತಿದ್ದಲು ನನ್ನ ಕೈಗೆ ಪವರ್‌ಪಾಯಿಂಟೇ ಹತ್ತಿದೆ.

5ಕ್ಕೆ 4 ಸ್ಟಾರ್. ಕಳೆದ ವರ್ಷ ಲೋಗೋ ಮತ್ತೆ ಬದಲಾಯಿತು. ಈ ಸಲ ಒಂದು ಫೈಲಿಗೆ ಒಂದು ನಿಮಿಷವೂ ಹಿಡಿಯಲಿಲ್ಲ, ಆ ಸಹೋದ್ಯೋಗಿಯ ಫೈಲೊಂದನ್ನು ಬಿಟ್ಟು.