ಅಡುಗೆಮನೆ, ಬಚ್ಚಲು ಹೊಸದು ಮಾಡಿಸಿ ಆರು ವರ್ಷ: ಏನು ಉಳಿಯಿತು, ಏನು ಉಬ್ಬಿತು

ಕಳೆದ ತಿಂಗಳು ಪಾತ್ರೆ ತಿಕ್ಕುವ ಪುಡಿ ತೆಗೆಯಲು ಸಿಂಕಿನ ಕೆಳಗಿನ ಬಾಗಿಲು ತೆರೆದೆ. ಡಬ್ಬಿ ವಾಲಿಕೊಂಡು ನಿಂತಿತ್ತು. ಕೆಳಗಿನ ಹಲಗೆ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿನಂತೆ ಉದುರಿತು. ಹತ್ತು ವರ್ಷದ ವಾರಂಟಿ ಇದೆಯಲ್ಲ ಎಂದು ಅಡುಗೆಮನೆ ಮಾಡಿಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, "ನೀರು ಬಿದ್ದಿರೋ ಜಾಗಕ್ಕೆ ವಾರಂಟಿ ಬರಲ್ಲ ಮೇಡಂ" ಎಂದಳು. ಸಿಂಕಿನ ಕೆಳಗೆ ನೀರು ಬೀಳದೆ ಇನ್ನೇನು ಬೀಳುತ್ತದೆ, ಹೇಳಿ!

ಆ ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ. ಆದರೆ ಬೈಗುಳ ಮಾತ್ರ ಬರೆದರೆ ಅನ್ಯಾಯವಾದೀತು. ಬಚ್ಚಲಿನ ಕೆಲಸದ ಬಗ್ಗೆ ಹೇಳಲು ಒಳ್ಳೆಯದೇ ಜಾಸ್ತಿ ಇದೆ.

ನಮ್ಮದು ಬೆಂಗಳೂರಿನಲ್ಲಿ 30x40 ಸೈಟಿನ ಮನೆ. 1996ರಲ್ಲಿ ಮಾವ ಕಟ್ಟಿಸಿದ್ದು. ಕೆಳಗೆ ಬಾಡಿಗೆಯವರು, ಮೇಲೆ ನಾವು. ವಾರಕ್ಕೆರಡು ದಿನ ಕಾವೇರಿ ನೀರು, ಮಿಕ್ಕ ದಿನ ಬೋರ್ ನೀರು. 2019ರಲ್ಲಿ ಅಡುಗೆಮನೆಗೆ 2,85,000, ಬಚ್ಚಲಿಗೆ 1,40,000 ಖರ್ಚು ಮಾಡಿದೆವು. ಅಡುಗೆಮನೆಯನ್ನು ಒಂದು ಮಾಡ್ಯುಲರ್ ಕಿಚನ್ ಕಂಪನಿಗೆ ಕೊಟ್ಟೆವು. ಬಚ್ಚಲನ್ನು ನಮ್ಮ ಏರಿಯಾದ ಮೇಸ್ತ್ರಿಗೆ.

ಮೊದಲು ಆ ಹಲಗೆಯ ಕಥೆ ಮುಗಿಸಿಬಿಡುತ್ತೇನೆ. ಕೊಟೇಶನ್‌ನಲ್ಲಿ "ವಾಟರ್‌ಪ್ರೂಫ್ ಪ್ಲೈ" ಎಂದು ಬರೆದಿತ್ತು. ನಾವು ಅಷ್ಟಕ್ಕೇ ಖುಷಿಪಟ್ಟೆವು. ಆ ಮಾತಿಗೆ ಅರ್ಥವೇ ಇಲ್ಲ ಎಂದು ಈಗ ಗೊತ್ತಾಗಿದೆ. ಪ್ಲೈ ಮೇಲೆ ಒತ್ತಿರುವ ನಂಬರ್ ನೋಡಬೇಕು. ಐಎಸ್ (ಭಾರತೀಯ ಮಾನಕ) 303 ಎಂಆರ್ ಎಂದಿದ್ದರೆ ಅದು ಸ್ವಲ್ಪ ತೇವ ತಡೆದುಕೊಳ್ಳುತ್ತದೆ, ಬೆಡ್‌ರೂಮ್ ಬೀರುವಿಗೆ ಸಾಕು. ಐಎಸ್ 710 ಇದ್ದರೆ ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ಜಗ್ಗದ್ದು), ಅಂದರೆ ಮರೈನ್ ಪ್ಲೈ. ಇದರ ತುಂಡನ್ನು 72 ಗಂಟೆ ನೀರಲ್ಲಿ ಕುದಿಸಿ, ಅಂಟು ಬಿಡಲಿಲ್ಲ ಎಂದಾದರೆ ಮಾತ್ರ ಪಾಸು. ನಮ್ಮ ಬಾಗಿಲುಗಳೇನೋ ಒಳ್ಳೆಯ ಪ್ಲೈ. ಸಿಂಕಿನ ಕೆಳಗೆ ಹಾಕಿದ್ದು ಮಾತ್ರ ಪಾರ್ಟಿಕಲ್ ಬೋರ್ಡ್, ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು. ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೇನಿದೆ ಎಂದು ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಲ್ಯಾಮಿನೇಟ್ ಹಾಕುವ ಮುಂಚೆ ಒಮ್ಮೆ ಹೋಗಿ ನೋಡಿ, ಫೋಟೋ ತೆಗೆದುಕೊಳ್ಳಿ. ಇನ್ನೊಂದು ಮಾತು. ನೀರು ಮೇಲಿನಿಂದ ಒಳಗೆ ಹೋಗಿರಲಿಲ್ಲ. ಪೈಪಿಗಾಗಿ ಕೊರೆದ ತೂತಿನ ಅಂಚನ್ನು ಹಾಗೇ ಬಿಟ್ಟಿದ್ದರು. ಆ ಅಂಚು ಆರು ವರ್ಷ ನಿಧಾನವಾಗಿ ನೀರು ಕುಡಿದಿದೆ. ಅಲ್ಲಿಗೆ ಒಂದಿಷ್ಟು ಸಿಲಿಕೋನ್ ಅಂಟು ಬಳಿದಿದ್ದರೆ ಇಷ್ಟು ಬೇಗ ಈ ಗತಿ ಬರುತ್ತಿರಲಿಲ್ಲ.

ಅಡುಗೆಮನೆಯಲ್ಲಿ ನಿಜಕ್ಕೂ ಮೆಚ್ಚಿದ್ದು ಡ್ರಾಯರ್‌ಗಳು. ಕೆಳಗಿನ ಭಾಗಕ್ಕೆ ಬಾಗಿಲು ಬೇಡ, ಪೂರ್ತಿ ಡ್ರಾಯರ್ ಮಾಡಿಸಿ. ಕುಕ್ಕರ್ ಬೇಕೆಂದರೆ ಮಂಡಿಯೂರಿ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ. ಅಕ್ಕಿ ಡಬ್ಬಿಯ ಭಾರಕ್ಕೂ ಡ್ರಾಯರ್ ಜಾರುವ ಚಾನೆಲ್ ಇನ್ನೂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ದುಡ್ಡು ಉಳಿಸಲು ಎರಡು ಕಡೆ ತಂತಿ ಬುಟ್ಟಿ ಹಾಕಿಸಿದ್ದೆವು. ಬೆಸುಗೆ ಇರುವ ಕಡೆಯೆಲ್ಲ ಎರಡೇ ವರ್ಷಕ್ಕೆ ತುಕ್ಕು. ಮೂಲೆಗೆ ಹಾಕಿಸಿದ ತಿರುಗುವ ತಟ್ಟೆಗೆ ಹದಿನೆಂಟು ಸಾವಿರ ಕೊಟ್ಟಿದ್ದೇವೆ. ಅದರಲ್ಲಿ ಈಗ ವರಮಹಾಲಕ್ಷ್ಮಿ ಹಬ್ಬದ ಬೆಳ್ಳಿ ಬಣ್ಣದ ತಟ್ಟೆಗಳು ಕೂತಿವೆ. ವರ್ಷಕ್ಕೊಮ್ಮೆ ತಿರುಗುತ್ತದೆ.

ಕಟ್ಟೆಯ ಎತ್ತರದಲ್ಲಿ ನಾವು ಎಡವಿದೆವು. ಕಂಪನಿಯವರು 34 ಇಂಚು ಎಂದರು, ನಾನು ಹೂಂ ಎಂದೆ. ನನಗೆ ಸರಿಯಾಗಿದೆ, ನಾನು ಐದು ಅಡಿ ಮೂರು ಇಂಚು. ಅತ್ತೆ ಐದು ಅಡಿಯೂ ಇಲ್ಲ. ಅಕ್ಕಿ ರೊಟ್ಟಿ ತಟ್ಟಬೇಕೆಂದರೆ ಅವರ ಭುಜ ಕಿವಿಯ ಹತ್ತಿರ ಬರುತ್ತಿತ್ತು. ಒಂದು ವಾರ ನೋಡಿದರು. ಆಮೇಲೆ ಏನೂ ಹೇಳದೆ ಊಟದ ಟೇಬಲ್ಲಿಗೆ ಬಾಣಲೆ, ಹಿಟ್ಟು ತೆಗೆದುಕೊಂಡು ಹೋದರು. ಈಗಲೂ ರೊಟ್ಟಿ ತಟ್ಟುವುದು ಅಲ್ಲೇ. ಮನೆಯಲ್ಲಿ ಯಾರು ಹೆಚ್ಚು ಹೊತ್ತು ನಿಂತು ಅಡುಗೆ ಮಾಡುತ್ತಾರೋ ಅವರನ್ನು ನಿಲ್ಲಿಸಿ, ಮೊಣಕೈ ಮಡಚಿಸಿ, ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆ ಬರುವಂತೆ ಅಳತೆ ಹಾಕಿಸಿ. ಆಗದಿದ್ದರೆ ಕಿಟಕಿ ಪಕ್ಕ ಒಂದೆರಡು ಅಡಿ ಜಾಗವನ್ನಾದರೂ ತಗ್ಗಿಸಿ.

ಕಟ್ಟೆಗೆ ಕಪ್ಪು ಗ್ರಾನೈಟ್ ಹಾಕಿದೆವು. ಸಾರಿನ ಪಾತ್ರೆ ಒಲೆಯಿಂದ ಇಳಿಸಿ ಹಾಗೇ ಇಡುತ್ತೇವೆ. ಹುಣಸೆಹುಳಿ, ನಿಂಬೆ, ಅರಿಶಿನ ಯಾವುದಕ್ಕೂ ಜಗ್ಗಿಲ್ಲ. ಚಿಮಣಿ ಬಗ್ಗೆ ಒಂದೇ ಮಾತು: ಗೋಡೆಯಾಚೆ ಪೈಪು ನೇರ ಹೋಗುವಂತಿದ್ದರೆ ಹಾಕಿಸಿ. ನಮ್ಮದಕ್ಕೆ ಎರಡು ತಿರುವು. ಸದ್ದು ಏರೋಪ್ಲೇನಿನದು, ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೆಮ್ಮು ಮಾತ್ರ ಇಡೀ ಮನೆಗೆ.

ಈಗ ಬಚ್ಚಲು. ಹಳೆಯ ಬಚ್ಚಲಿನ ಕೆಳಗೆ ಬಾಡಿಗೆಯವರ ಅಡುಗೆಮನೆ ಇದೆ. ಅವರ ಸೂರಿನಲ್ಲಿ ತೇವ ಬಂದು ಸುಣ್ಣ ಉದುರುತ್ತಿತ್ತು. "ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಕೂರಿಸಿಬಿಡೋಣ, ನಾಲ್ಕು ದಿನದಲ್ಲಿ ಮುಗಿಯುತ್ತೆ" ಎಂದು ಸಲಹೆ ಕೊಟ್ಟವರು ಬಹಳ ಜನ. ಹಾಗೆ ಮಾಡಿದ್ದರೆ ಸೋರಿಕೆಯ ಮೇಲೆ ಚಾದರ ಹೊದಿಸಿದಂತಾಗುತ್ತಿತ್ತು. ಪೂರ್ತಿ ಒಡೆಸಿದೆವು. ತುಕ್ಕು ಹಿಡಿದ ಜಿಐ (ಕಬ್ಬಿಣದ) ಪೈಪು ತೆಗೆಸಿ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಗೋಡೆ ಮುಚ್ಚುವ ಮುಂಚೆ ಟೇಪು ಹಿಡಿದು ಪೈಪುಗಳ ಫೋಟೋ ತೆಗೆದಿಟ್ಟುಕೊಂಡೆವು. ಮುಂದೆ ಟವೆಲ್ ರಾಡ್ ಹಾಕಲು ಡ್ರಿಲ್ ಹಿಡಿದಾಗ ಆ ಫೋಟೋ ನಮ್ಮನ್ನು ಕಾಪಾಡಿತು. ರಾಡ್ ಹಾಕಬೇಕೆಂದಿದ್ದ ಜಾಗದಲ್ಲೇ ಬಿಸಿನೀರಿನ ಪೈಪು ಇತ್ತು.

ಆಮೇಲೆ ವಾಟರ್‌ಪ್ರೂಫಿಂಗ್. ನೆಲಕ್ಕೆ, ಸುತ್ತ ಗೋಡೆಗೆ ಒಂದಡಿವರೆಗೆ, ಸ್ನಾನದ ಕಡೆ ತಲೆಯೆತ್ತರದವರೆಗೆ ಎರಡು ಕೋಟು. ಒಣಗಿದ ಮೇಲೆ ನೆಲದ ನೀರು ಹೊರಹೋಗುವ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಬಿಡಿ ಎಂದೆ. ಮೇಸ್ತ್ರಿಗೆ ಇಷ್ಟವಾಗಲಿಲ್ಲ.

"ಸುಮ್ನೆ ಎರಡು ದಿನ ಕೂಲಿ ಹಾಳು ಮೇಡಂ. ಇಪ್ಪತ್ತು ವರ್ಷದಿಂದ ಮಾಡ್ತಿದೀನಿ, ನನ್ನ ಕೆಲಸ ಸೋರಲ್ಲ."

"ಕೂಲಿ ನಾನು ಕೊಡ್ತೀನಣ್ಣ. ನೀರು ನಿಲ್ಲಿಸಿ" ಎಂದೆ.

ಮಾರನೆಯ ಬೆಳಿಗ್ಗೆ ನೀರು ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಕೆಳಗಿನ ಮನೆಯಲ್ಲಿ ಹೋಗಿ ನೋಡಿದರೆ ಸೂರಿನಲ್ಲಿ ಮುದ್ದೆಯಷ್ಟು ಗುಂಡಗೆ ತೇವ. ಸರಿಯಾಗಿ ಟ್ರ್ಯಾಪಿನ ಕೆಳಗೇ. ಮೇಸ್ತ್ರಿ ಬಂದು ನೋಡಿದರು, ತಲೆ ಕೆರೆದುಕೊಂಡರು, ಮಾತಾಡದೆ ಟ್ರ್ಯಾಪಿನ ಸುತ್ತ ಕಿತ್ತು ಮತ್ತೆ ತುಂಬಿದರು. ಎರಡನೇ ಸಲ ನೀರು ನಿಲ್ಲಿಸಲು ಅವರೇ ಹೇಳಿದರು. ಆ ಸಲ ಗೆರೆ ಕದಲಲಿಲ್ಲ. ಆರು ವರ್ಷವಾಯಿತು, ಕೆಳಗಿನ ಸೂರು ಒಣಗಿದೆ. ನಮ್ಮ ನಾಲ್ಕೂಕಾಲು ಲಕ್ಷದಲ್ಲಿ ಅತ್ಯಂತ ಚೆನ್ನಾಗಿ ಖರ್ಚಾದದ್ದು ಆ ಎರಡು ದಿನದ ಕೂಲಿ.

ವಾಟದ ಬಗ್ಗೆಯೂ ಹೇಳಲೇಬೇಕು. ನಾವು ಬಕೆಟ್, ಚೊಂಬು ಹಿಡಿದು ಸ್ನಾನ ಮಾಡುವವರು. ನೀರು ಮೂಲೆಮೂಲೆಗೂ ಹೋಗುತ್ತದೆ, ಅದು ವಾಪಸ್ ಟ್ರ್ಯಾಪಿಗೆ ಬರಬೇಕು. ನಮ್ಮ ಎಂಟಡಿ ಉದ್ದದ ಬಚ್ಚಲಿಗೆ ಆ ತುದಿಯಿಂದ ಈ ತುದಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಜಾರು ಕೊಡಿಸಿದೆವು. ಸಿಮೆಂಟ್ ಒಣಗಿದ ಮೇಲೆ ಮಗನ ಗೋಲಿ ಉರುಳಿಸಿ ನೋಡಿದೆವು. ನೆಲಕ್ಕೆ ಒಂದಡಿಯ ಒರಟು ಟೈಲ್ಸ್ ಆರಿಸಿದ್ದು ಒಳ್ಳೆಯದಾಯಿತು. ನಾಲ್ಕಡಿ ಉದ್ದದ ಟೈಲ್ಸ್ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ಅದು ನಾಲ್ಕು ಕಡೆಯಿಂದ ಟ್ರ್ಯಾಪಿನ ಕಡೆ ಬಾಗುವುದಿಲ್ಲ. ಟೈಲ್ಸ್ ಸಂದಿ ತುಂಬಲು ಎಪಾಕ್ಸಿ (ರಾಳದ) ಗ್ರೌಟ್ ಹಾಕಿಸಿದೆವು. ಸಿಮೆಂಟ್ ಗ್ರೌಟಿಗಿಂತ ತುಂಬ ದುಬಾರಿ, ಆದರೆ ಇನ್ನೂ ಕಪ್ಪಾಗಿಲ್ಲ, ಪಾಚಿ ಕಟ್ಟಿಲ್ಲ. ಹಾಕಿದ ತಕ್ಷಣ ಒರೆಸಿಸಿ. ಒಂದು ಮೂಲೆಯಲ್ಲಿ ಹುಡುಗರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಗಟ್ಟಿಯಾಗಿ ಮಂಜು ಕವಿದ ಹಾಗೆ ಕೂತುಬಿಟ್ಟಿತು. ಇವತ್ತಿಗೂ ಹಾಗೇ ಇದೆ.

ಬಚ್ಚಲಿನಲ್ಲಿ ದಂಡವಾದದ್ದು ಎರಡು. ಒಂದು, ತಟ್ಟೆಯಗಲದ ರೇನ್ ಶವರ್. ಹತ್ತು ಮೀಟರ್ ಎತ್ತರದಿಂದ ನೀರು ಬಂದರೆ ಸುಮಾರು ಒಂದು ಬಾರ್ (ಒತ್ತಡ ಅಳೆಯುವ ಮಾನ) ಒತ್ತಡ. ನಮ್ಮ ಟ್ಯಾಂಕು ಶವರಿನಿಂದ ಎರಡೂವರೆ ಮೀಟರ್ ಮೇಲಿದೆ, ಅಂದರೆ ಕಾಲು ಬಾರ್. ಅಂಗಡಿಯವನು ಇದನ್ನು ಕೇಳಲಿಲ್ಲ, ನಾವು ಹೇಳಲಿಲ್ಲ. ಶವರ್ ತಿರುಗಿಸಿದರೆ ಪುರೋಹಿತರು ಮಾವಿನೆಲೆಯಲ್ಲಿ ಪ್ರೋಕ್ಷಣೆ ಮಾಡಿದ ಹಾಗೆ. ಪ್ರೆಶರ್ ಪಂಪ್ ಹಾಕಿಸಿ ಎಂದರು. 2024ರ ಬೇಸಿಗೆಯಲ್ಲಿ ನಮ್ಮ ಬೋರ್ ಬತ್ತಿ ಟ್ಯಾಂಕರ್‌ಗೆ ಕಾದು ಕೂತ ಮೇಲೆ ಆ ಆಸೆಯೂ ಹೋಯಿತು. ಇನ್ನೊಂದು, ಗಾಜಿನ ಪಾರ್ಟಿಶನ್. ಬೋರ್ ನೀರಿನ ಬಿಳಿ ಕಲೆ ಗಾಜಿಗೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ವಿನೆಗರ್ ಹಾಕಿ ಉಜ್ಜಬೇಕು. ಸ್ನಾನಕ್ಕಿಂತ ಗಾಜು ಒರೆಸಲು ಜಾಸ್ತಿ ಹೊತ್ತು. ಮೂರನೇ ವರ್ಷ ತೆಗೆಸಿಬಿಟ್ಟೆವು.

ಇದೇ ನೀರು ಗೀಸರನ್ನೂ ಬಿಡಲಿಲ್ಲ. ಐದನೇ ವರ್ಷ ನೀರು ಕಾಯುವುದು ನಿಧಾನವಾಯಿತು. ರಿಪೇರಿಯವನು ಕಾಯಿಲ್ ಹೊರಗೆಳೆದು ತೋರಿಸಿದ. ಹೆಬ್ಬೆರಳು ದಪ್ಪದ ಬಿಳಿ ಗಸಿ ಕಟ್ಟಿತ್ತು, ಹವಳದ ಕಲ್ಲಿನ ಹಾಗೆ. ತುಕ್ಕು ತಡೆಯಲು ಒಳಗಿರುವ ಆನೋಡ್ ರಾಡ್ ಸವೆದು ಕಡ್ಡಿಯಾಗಿತ್ತು. ಬೋರ್ ನೀರಿನವರು ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡುವುದು ಒಳ್ಳೆಯದು.

ಸ್ಟಾರ್ ಕೊಡಿ ಎಂದರೆ ಬಚ್ಚಲಿಗೆ ನಾಲ್ಕೂವರೆ, ಅಡುಗೆಮನೆಗೆ ಮೂರು. ವಾರಂಟಿಗೆ ಸೊನ್ನೆ.

ಉಬ್ಬಿದ ಹಲಗೆ ಏನಾಯಿತು ಎಂದರೆ, ಪಕ್ಕದ ಬೀದಿಯ ಬಡಗಿಯನ್ನು ಕರೆಸಿದೆ. ಅವರು ಅಳತೆ ತೆಗೆದು, "ಇಲ್ಲಿಗೆ ಪ್ಲೈ ಯಾಕಮ್ಮ, ಕಡಪಾ ಕಲ್ಲು ಹಾಕಿಸಿ" ಎಂದರು. ಹಳೆಯ ಅಡುಗೆಮನೆಯಲ್ಲಿ ಪೂರ್ತಿ ಕಡಪಾ ಕಲ್ಲಿನ ಅಟ್ಟಣೆಗಳೇ ಇದ್ದವು. 2019ರಲ್ಲಿ ಒಡೆಸಿ ಹಾಕಿದ್ದು ನಾನೇ. ಒಂದು ಕಲ್ಲು ಮಾತ್ರ ಟೆರೇಸಿನಲ್ಲಿ ತುಳಸಿ ಕುಂಡದ ಕೆಳಗೆ ಉಳಿದಿತ್ತು. ಅದನ್ನೇ ತಂದು ಕತ್ತರಿಸಿ ಕೂರಿಸಿದರು, ಆರು ನೂರು ರೂಪಾಯಿ ಕೂಲಿ. ಅತ್ತೆ ಬಗ್ಗಿ ನೋಡಿದರು. "ಮುಂಚೆ ಅದೇ ಅಲ್ವೇನೇ ಇದ್ದಿದ್ದು?" ಎಂದರು. ನಾನು ಪುಡಿ ಡಬ್ಬಿ ಒಳಗಿಟ್ಟು ಬಾಗಿಲು ಹಾಕಿದೆ. ಈಗ ತುಳಸಿ ಕುಂಡಕ್ಕೆ ಬೇರೆ ಕಲ್ಲು ಹುಡುಕಬೇಕು.