ಗೇಮ್ ಲೋಗೋಗೆ ಯಾರು: ಆನ್‌ಲೈನ್ ಡಿಸೈನರಾ, ಉಚಿತ ಫಾಂಟಾ, ದೋಣಿ ಪೇಂಟರಾ?

ನನ್ನ ಓಟು ಬೈತಕೋಲ ಬಂದರಿನಲ್ಲಿ ದೋಣಿಗಳಿಗೆ ಹೆಸರು ಬರೆಯುವ ಪೇಂಟರಿಗೆ. ಕಾರವಾರದ ಕಡಲಲ್ಲಿ ನಡೆಯುವ ನನ್ನ ಪುಟ್ಟ ಗೇಮ್ ‘ದೀಪಸ್ತಂಭ’ಕ್ಕೆ ಮೂರೂ ದಾರಿ ನೋಡಿಯಾಗಿದೆ.

ಆನ್‌ಲೈನ್ ಡಿಸೈನರ್ ಮಾಡಿದ ಅಲೆ, ಬೆಳಕು ಎಲ್ಲ ಚಂದ. ಅಕ್ಷರ ಮಾತ್ರ ಹಾಳು. ‘ಸ್ತ’ ಒಡೆದು ‘ಸ್’ ಒಂದು ಕಡೆ, ‘ತ’ ಇನ್ನೊಂದು ಕಡೆ ನಿಂತಿತ್ತು. ಕನ್ನಡದಲ್ಲಿ ಒತ್ತು ಕೂಡಿಸುವುದು ಸಾಫ್ಟ್‌ವೇರ್ ಕೆಲಸ. ಕೆಲವದರಲ್ಲಿ ಅದಕ್ಕೆ ಬೇರೆಯೇ ಸೆಟ್ಟಿಂಗ್ ಇರುತ್ತದೆ. ಕನ್ನಡ ಬಾರದವರಿಗೆ ಅದು ತಪ್ಪು ಅಂತಲೇ ಗೊತ್ತಾಗುವುದಿಲ್ಲ ಅಲ್ವಾ? ಸರಿಯಾದ ಚಿತ್ರ ಕಳಿಸಿ, ಸುತ್ತು ಹಾಕಿ ತೋರಿಸಿದೆ. ಮುಂದಿನ ಸಲ ಒತ್ತಿನ ಬದಲು ಇಡೀ ‘ತ’ವನ್ನೇ ಸಣ್ಣದು ಮಾಡಿ ಕೆಳಗೆ ಅಂಟಿಸಿದ್ದರು!

ಕೊನೆಗೆ ಕೈಗೆ ಬಂದದ್ದು ಹಿನ್ನೆಲೆ ಸಮೇತದ ಬರೀ ಜೆಪೆಗ್ ಚಿತ್ರ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಲೈಬ್ರರಿ ಲೋಗೋಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ ಬೇಕು. ಮೂಲ ಫೈಲ್ ಕೇಳಿದರೆ ಬೇರೆ ದುಡ್ಡು. ತುಂಬಾ ಬೇಜಾರಾಯಿತು.

ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ಸಾಫ್ಟ್‌ವೇರ್‌ನಲ್ಲಿ ‘ಬಲೂ ತಮ್ಮ’ ಎಂಬ ಉಚಿತ ಕನ್ನಡ ಫಾಂಟ್ ಹಾಕಿದರೆ ಒತ್ತು ಸರಿಯಾಗಿ ಕೂಡುತ್ತದೆ, ಖರ್ಚಿಲ್ಲ, ಮಾರುವ ಗೇಮಿಗೂ ಬಳಸಬಹುದು. ಮೆನುವಿಗೆ ಅದೇ ಇಟ್ಟುಕೊಂಡಿದ್ದೇನೆ. ಲೋಗೋ ಆಗಿ ಮಾತ್ರ ಎಲ್ಲೋ ನೋಡಿದ ಹಾಗೆ ಕಾಣುತ್ತದೆ.

ಸ್ಟೀಮ್‌ನ ಪಟ್ಟಿಗಳಲ್ಲಿ ಗೇಮಿನ ಹೆಸರು ತೋರಿಸುವ ಪುಟ್ಟ ಚಿತ್ರ, ಅಂದರೆ ಸಣ್ಣ ಕ್ಯಾಪ್ಸೂಲ್, 462x174 ಪಿಕ್ಸೆಲ್. ಹುಡುಕಾಟದ ಪಟ್ಟಿಯಲ್ಲಿ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಅಲ್ಲಿ ಫಾಂಟಿನ ಒತ್ತು ಚುಕ್ಕೆಯಾಗಿಬಿಡುತ್ತದೆ. ಇದನ್ನು ಪೇಂಟರಿಗೆ ಹೇಳುವ ಅಗತ್ಯವೇ ಬರಲಿಲ್ಲ. “ತಮಾ, ದಡದ ಮೇಲಿಂದ ಓದೂಕೆ ಬರ್ಬೇಕು” ಎನ್ನುತ್ತಾ ಒತ್ತನ್ನು ದಪ್ಪ ಮಾಡಿ, ‘ಸ’ದ ಹೊಟ್ಟೆಗೆ ತಾಗಿಸಿ ಮೇಲೆತ್ತಿ ಬರೆದರು. ಹೆಸರಿನ ಎತ್ತರ ಕಡಿಮೆಯಾಯಿತು, ಹಾಗಾಗಿ ಅಷ್ಟೇ ಜಾಗದಲ್ಲಿ ಅಕ್ಷರ ದೊಡ್ಡದಾಯಿತು. ಬಿಳಿ ರಟ್ಟಿನ ಮೇಲೆ ಕಪ್ಪು ಬಣ್ಣ. ಫೋಟೋ ತೆಗೆದು ಇಂಕ್‌ಸ್ಕೇಪ್‌ನಲ್ಲಿ ಟ್ರೇಸ್ ಮಾಡಿ ಗೆರೆಗಳಾಗಿ ಬದಲಿಸಿದರೆ ಯಾವ ಅಳತೆಗೂ ಹಿಗ್ಗುತ್ತದೆ. ಅಂಚು ತಿದ್ದಲು ತಾಳ್ಮೆ ಬೇಕು. ದೋಣಿಯ ಕೆಂಪು, ಹಳದಿಯನ್ನೇ ಐಕಾನ್, ಮೆನು, ಟ್ರೈಲರಿಗೂ ತಂದೆ. ಈಗ ಎಲ್ಲವೂ ಒಂದೇ ಗೇಮಿನದು ಅನಿಸುತ್ತದೆ.

ಗೇಮ್ ಇಡಲು ಸ್ಟೀಮಿಗೆ 100 ಡಾಲರ್ ಕಟ್ಟಿ, ಕೆಲಸ ಮುಗಿಸಿ ರಾತ್ರಿ ಗೇಮ್ ಮಾಡುವ ನನಗೆ ಇದೇ ಸರಿ. ಇಂಗ್ಲಿಷ್ ಹೆಸರಿನ ಗೇಮ್ ಆದರೆ, ಕೈಯಲ್ಲಿ ದುಡ್ಡಿದ್ದರೆ, ಆನ್‌ಲೈನ್ ಡಿಸೈನರ್ ನಡೆದೀತು.

ಪೇಂಟರ ಹತ್ತಿರ ಹೋಗುವುದಾದರೆ ಜೂನ್‌ಗೆ ಮೊದಲೇ ಹೋಗಿ. ಜೂನ್, ಜುಲೈ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರಿಕ ದೋಣಿಗಳೆಲ್ಲ ನಿಂತಿರುತ್ತವೆ, ಬಣ್ಣದ ಕೆಲಸ ಆಗಲೇ ಜಾಸ್ತಿ.